ಹಳದಿ ಭೂತವನ್ನು ಬಗ್ಗಿಸುವ ಬಗೆ: ಮೆಗಾ ಮ್ಯಾನ್‌ನ ಯೆಲ್ಲೋ ಡೆವಿಲ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ಮೆಗಾ ಮ್ಯಾನ್ ಅನ್ನುವ ವಿಡಿಯೋ ಗೇಮ್ ಆಡಿದವರನ್ನು ಕೇಳಿ ನೋಡಿ. ಆರು ರೋಬೋಟ್ ಬಾಸ್‌ಗಳನ್ನು, ಅಂದರೆ ಸ್ಟೇಜಿನ ಕೊನೆಗೆ ಎದುರಾಗುವ ದೊಡ್ಡ ಶತ್ರುಗಳನ್ನು, ಸೋಲಿಸಿದ ಕತೆಯನ್ನು ಖುಷಿಯಿಂದ ಹೇಳುತ್ತಾರೆ. ಆಮೇಲೆ ಆಟದ ಖಳ ವಿಜ್ಞಾನಿ ವೈಲಿಯ ಕೋಟೆ ಅನ್ನುತ್ತಿದ್ದ ಹಾಗೆ ಮುಖ ಸಪ್ಪೆ ಆಗುತ್ತದೆ. ಆ ಕೋಟೆಯ ಮೊದಲ ಸ್ಟೇಜಿನ ಕೊನೆಗೆ ಕಾದು ಕೂತಿರುವವನೇ ಯೆಲ್ಲೋ ಡೆವಿಲ್. ಹಳದಿ ಬಣ್ಣದ, ಒಂದೇ ಕಣ್ಣಿನ, ಪರದೆಯ ಅರ್ಧ ಎತ್ತರ ನಿಲ್ಲುವ ರೋಬೋಟ್. ಮೈ ತುಂಡು ತುಂಡಾಗಿ ಕಳಚಿ ಈ ಬದಿಯಿಂದ ಆ ಬದಿಗೆ ಹಾರುತ್ತದೆ. ಅಲ್ಲಿ ಮತ್ತೆ ಕೂಡಿ ನಿಲ್ಲುತ್ತದೆ. ಅಷ್ಟೇ ಅದರ ಕೆಲಸ. ಆದರೆ ಆ ಅಷ್ಟಕ್ಕೇ ಎಷ್ಟು ಕಂಟ್ರೋಲರ್‌ಗಳು ಗೋಡೆಗೆ ಹೊಡೆದು ಒಡೆದಿವೆಯೋ!

1987ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಕ್ಯಾಪ್‌ಕಾಮ್ ಕಂಪನಿ ಈ ಆಟವನ್ನು ನಿಂಟೆಂಡೊದ ಟಿವಿ ಗೇಮ್ ಯಂತ್ರವಾದ ಫ್ಯಾಮಿಕಾಮ್‌ಗೆ ಬಿಟ್ಟಿತು. ಅಲ್ಲಿ ಇದರ ಹೆಸರು ರಾಕ್‌ಮ್ಯಾನ್, ಹೊರಗೆ ಮೆಗಾ ಮ್ಯಾನ್. ಅಂದಿನಿಂದ ಈ ಹಳದಿ ಭೂತ ಬೇರೆ ಬೇರೆ ಬಣ್ಣ, ಬೇರೆ ಬೇರೆ ಹೆಸರು ಹೊತ್ತು ಈ ಸರಣಿಯಲ್ಲಿ ಮತ್ತೆ ಮತ್ತೆ ಬಂದಿದೆ. ಮೊದಲನೆಯದನ್ನು ಸರಿಯಾಗಿ ಕಲಿತರೆ ಉಳಿದವು ಅರ್ಧ ಕಲಿತ ಹಾಗೆ. ಅದಕ್ಕೇ ಈ ಬರಹದ ಮುಕ್ಕಾಲು ಪಾಲು ಮೊದಲ ಆಟದ ಬಗ್ಗೆಯೇ ಇದೆ.

ಕೈ ಚುರುಕು ಅಲ್ಲ, ಮಗ್ಗಿ

ನಾನು ಇದನ್ನು ಮೊದಲು ಆಡಿದ್ದು ಬೇಸಿಗೆ ರಜೆಯಲ್ಲಿ, ದೊಡ್ಡಪ್ಪನ ಮನೆಯ ಟಿವಿ ಗೇಮ್‌ನಲ್ಲಿ. ಕ್ಯಾಸೆಟ್ ಊದಿ ಊದಿ ಹಾಕುತ್ತಿದ್ದ ಕಾಲ. ಕೈ ಚುರುಕಾಗಿದ್ದರೆ ಗೆಲ್ಲಬಹುದು ಅಂದುಕೊಂಡು ದಿನಗಟ್ಟಲೆ ಸತ್ತೆ. ಕೊನೆಗೆ ದಾರಿ ತೋರಿಸಿದ್ದು ನನ್ನ ಪುಟ್ಟ ತಂಗಿ. ಅವಳು ಆಡುತ್ತಲೇ ಇರಲಿಲ್ಲ, ಅವಳಿಗೆ ನಾವು ಕಂಟ್ರೋಲರ್ ಕೊಡುತ್ತಲೂ ಇರಲಿಲ್ಲ. ಪಕ್ಕದಲ್ಲಿ ಮಂಡಕ್ಕಿ ತಿನ್ನುತ್ತಾ ಕೂತವಳು, ತುಂಡು ಹೊರಡುವ ಮೊದಲೇ "ಅಣ್ಣಾ, ಈಗ ಕೆಳಗೆ... ಈಗ ಮೇಲೆ" ಅಂತ ಹೇಳತೊಡಗಿದಳು. ಒಂದೂ ತಪ್ಪಲಿಲ್ಲ.

ವಿಷಯ ಇಷ್ಟೇ. ತುಂಡುಗಳು ಹಾರುವ ಸಾಲು ಎಂದೂ ಬದಲಾಗುವುದಿಲ್ಲ. ಇವತ್ತು ಆಡಿದರೂ ಅದೇ, ಹತ್ತು ವರ್ಷ ಬಿಟ್ಟು ಆಡಿದರೂ ಅದೇ. ಎರಡರ ಮಗ್ಗಿ ಬದಲಾಗುತ್ತದೆಯೇ? ಇದೂ ಹಾಗೆಯೇ. ಕಣ್ಣಿನಿಂದ ನೋಡಿ ಆಮೇಲೆ ನೆಗೆಯಲು ಹೋದರೆ ತಡವಾಗುತ್ತದೆ. ಬಾಯಿಪಾಠ ಆಗಿದ್ದರೆ ತುಂಡು ಹೊರಡುವ ಮೊದಲೇ ಬೆರಳು ಬಟನ್ ಮೇಲಿರುತ್ತದೆ.

ಹಂತ 1: ಆಯುಧ ಕೂಡಿಸಿಕೊಳ್ಳಿ

ಕೋಟೆಗೆ ಹೋಗುವ ಮೊದಲು ಆರೂ ಬಾಸ್‌ಗಳನ್ನು ಮುಗಿಸಲೇಬೇಕು. ಯಾರಿಂದ ಶುರು ಮಾಡಬೇಕು ಅನ್ನುವುದಕ್ಕೆ ಹಳೆಯ ಆಟಗಾರರ ಒಂದು ಸಾಲು ಇದೆ. ಮೊದಲು ಕಟ್ ಮ್ಯಾನ್. ಅವನು ಸಾಮಾನ್ಯ ಗುಂಡಿಗೂ ಬಗ್ಗುತ್ತಾನೆ. ಅವನಿಂದ ಸಿಗುವ ರೋಲಿಂಗ್ ಕಟರ್ ಹಿಡಿದು ಎಲೆಕ್ ಮ್ಯಾನ್ ಹತ್ತಿರ ಹೋಗಿ. ಮೂರು ಏಟಿಗೆ ಅವನು ಬಿದ್ದ. ಅವನಿಂದ ಥಂಡರ್ ಬೀಮ್ ಸಿಗುತ್ತದೆ. ನಮಗೆ ಬೇಕಾದದ್ದು ಇದೇ. ಉಳಿದವರನ್ನು ಐಸ್ ಮ್ಯಾನ್, ಫೈರ್ ಮ್ಯಾನ್, ಬಾಂಬ್ ಮ್ಯಾನ್, ಗಟ್ಸ್ ಮ್ಯಾನ್ ಅನ್ನುವ ಸಾಲಿನಲ್ಲಿ ಮುಗಿಸಿ. ಒಬ್ಬನ ಆಯುಧ ಮುಂದಿನವನಿಗೆ ಮದ್ದು.

ಇಷ್ಟಾದ ಮೇಲೆ ನೇರ ಕೋಟೆಗೆ ಓಡಬೇಡಿ. ಎಲೆಕ್ ಮ್ಯಾನ್ ಸ್ಟೇಜಿಗೆ ಇನ್ನೊಮ್ಮೆ ಹೋಗಿ. ಅಲ್ಲಿ ಒಂದು ಕಡೆ ಇಟ್ಟಿಗೆಗಳ ಹಿಂದೆ ಮ್ಯಾಗ್ನೆಟ್ ಬೀಮ್ ಅಡಗಿದೆ. ಗಟ್ಸ್ ಮ್ಯಾನ್‌ನಿಂದ ಸಿಗುವ ಸೂಪರ್ ಆರ್ಮ್‌ನಿಂದ ಇಟ್ಟಿಗೆ ಎತ್ತಿ ಎಸೆಯಬಹುದು, ಇಲ್ಲವೇ ಥಂಡರ್ ಬೀಮ್‌ನಿಂದ ಒಡೆಯಬಹುದು. ಇದು ಗಾಳಿಯಲ್ಲಿ ಮೆಟ್ಟಿಲು ಹಾಕುವ ಉಪಕರಣ. ಇದಿಲ್ಲದೆ ಕೋಟೆಯ ಮೊದಲ ಸ್ಟೇಜ್ ದಾಟಲು ಆಗುವುದೇ ಇಲ್ಲ. ಹಳದಿ ಭೂತದ ಮುಖ ನೋಡುವುದಕ್ಕೂ ಇದು ಬೇಕು.

ಇನ್ನೊಂದು ಮಾತು. ಈ ಮೊದಲ ಆಟದಲ್ಲಿ ಮೈಯ ಶಕ್ತಿ ತುಂಬಿಸಿಕೊಳ್ಳುವ ಈ-ಟ್ಯಾಂಕ್ ಇಲ್ಲ. ಅದು ಎರಡನೇ ಆಟದಿಂದ ಬಂದದ್ದು. ಬಿಟ್ಟ ಕಡೆಯಿಂದ ಮುಂದುವರಿಸಲು ಪಾಸ್‌ವರ್ಡ್ ಕೂಡ ಇಲ್ಲ. ಅಂದರೆ ಮಧ್ಯದಲ್ಲಿ ಕರೆಂಟ್ ಹೋದರೆ ಆರೂ ಬಾಸ್‌ಗಳು ಮತ್ತೆ ಜೀವಂತ. ನಮ್ಮ ಊರಿನ ಲೋಡ್ ಶೆಡ್ಡಿಂಗ್ ಮುಂದೆ ಯೆಲ್ಲೋ ಡೆವಿಲ್ ಏನೇನೂ ಅಲ್ಲ ಅಂತ ನಾವು ಮಾತಾಡಿಕೊಳ್ಳುತ್ತಿದ್ದೆವು. ಈಗ ಆಡುವವರಿಗೆ ಆ ಕಷ್ಟ ಇಲ್ಲ. 2015ರ ಲೆಗಸಿ ಕಲೆಕ್ಷನ್‌ನಲ್ಲಿ ಮೊದಲ ಆರು ಆಟಗಳು ಒಟ್ಟಿಗೆ ಸಿಗುತ್ತವೆ, ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ಬಾಸ್ ಬಾಗಿಲ ಮುಂದೆ ಒಂದು ಸೇವ್ ಹಾಕಿಟ್ಟುಕೊಳ್ಳಿ. ಅದು ಮೋಸ ಅಂತ ಯಾರಾದರೂ ಅಂದರೆ ಅವರು ಆಡಲಿ ಬಿಡಿ, ನೋಡೋಣ.

ಹಂತ 2: ತುಂಬಿದ ಮೈ, ತುಂಬಿದ ಬೀಮ್

ಥಂಡರ್ ಬೀಮ್ ಬಲು ಜೋರು. ಅದಕ್ಕೇ ದಾರಿಯಲ್ಲಿ ಸಿಕ್ಕ ಸಿಕ್ಕ ಪುಟ್ಟ ರೋಬೋಟ್‌ಗಳ ಮೇಲೆಲ್ಲ ಅದನ್ನು ಬಿಡುವ ಆಸೆ ಆಗುತ್ತದೆ. ತಡೆದುಕೊಳ್ಳಿ. ಜೀವ ಹೋದರೆ ಮೈಯ ಶಕ್ತಿ ಮತ್ತೆ ತುಂಬುತ್ತದೆ, ಆಯುಧದ ಶಕ್ತಿ ತುಂಬುವುದಿಲ್ಲ. ಭೂತದ ಮುಂದೆ ಒಂದೆರಡು ಸಲ ಸಾಯುವುದು ಗ್ಯಾರಂಟಿ. ಆಗ ಬೀಮ್ ಖಾಲಿ ಇದ್ದರೆ ಸಾಮಾನ್ಯ ಗುಂಡಿನಿಂದಲೇ ಹೊಡೆದಾಡಬೇಕಾಗುತ್ತದೆ.

ಲೆಕ್ಕ ನೋಡಿ. ಭೂತದ ಶಕ್ತಿ 28 ಗೆರೆ. ಸಾಮಾನ್ಯ ಗುಂಡಿಗೆ ಹೋಗುವುದು 1 ಗೆರೆ. ಥಂಡರ್ ಬೀಮ್‌ಗೆ 4. ಅಂದರೆ 28 ಏಟು ಹೊಡೆಯುವ ಕಡೆ 7 ಏಟು ಸಾಕು. ಕಣ್ಣು ಒಂದು ಸಲ ತೆರೆದರೆ ಒಂದು ಏಟು ಅಂತ ಲೆಕ್ಕ ಇಟ್ಟುಕೊಂಡರೆ, ಬೀಮ್ ಇದ್ದವರು ಏಳು ಸುತ್ತು ತಪ್ಪಿಸಿಕೊಂಡರೆ ಆಯಿತು. ಇಲ್ಲದವರು ಇಪ್ಪತ್ತೆಂಟು ಸುತ್ತು. ಅಷ್ಟು ಹೊತ್ತು ತಪ್ಪು ಮಾಡದೆ ಇರುವುದು ಮನುಷ್ಯರ ಕೈಯಲ್ಲಿ ಆಗುವ ಕೆಲಸವೇ? ಆಗುತ್ತದೆ, ಮಾಡಿದವರಿದ್ದಾರೆ. ನಾನಲ್ಲ.

ಹಂತ 3: ಮೊದಲ ಜೀವ ಬಲಿ ಕೊಡಿ

ಇದು ಈ ಮಾರ್ಗದರ್ಶಿಯ ಹೃದಯ. ಮೊದಲ ಸಲ ಒಳಗೆ ಹೋದಾಗ ಒಂದು ಗುಂಡೂ ಹಾರಿಸಬೇಡಿ. ಗೆಲ್ಲುವ ಯೋಚನೆಯನ್ನೇ ಬಿಡಿ. ಒಂದು ಪೇಪರ್, ಪೆನ್ನು ಪಕ್ಕದಲ್ಲಿಟ್ಟುಕೊಂಡು ನೋಡುವುದಷ್ಟೇ ಕೆಲಸ. ಜೊತೆಗೆ ಯಾರಾದರೂ ಇದ್ದರೆ ಅವರು ಬರೆಯಲಿ, ನೀವು ಆಡಿ. ಆಡುವವರಿಗಿಂತ ನೋಡುವವರಿಗೆ ಈ ಸಾಲು ಬೇಗ ಸಿಗುತ್ತದೆ.

ತುಂಡುಗಳಲ್ಲಿ ನಿಮಗೆ ಬೇಕಾದ ಜಾತಿ ಎರಡೇ. ಕೆಳಗೆ ಬರುವವು, ಮೇಲೆ ಹೋಗುವವು. ಕೆಳಗಿನದ್ದಕ್ಕೆ ನೆಗೆಯಬೇಕು. ಮೇಲಿನದ್ದಕ್ಕೆ ಸುಮ್ನೆ ನಿಲ್ಲಬೇಕು. ಈ ಆಟದಲ್ಲಿ ಬಗ್ಗುವುದೂ ಇಲ್ಲ, ಜಾರುವುದೂ ಇಲ್ಲ. ಹಾಗಾಗಿ ಮೂರನೆಯ ದಾರಿಯೇ ಇಲ್ಲ. ನೆಗೆಯಬೇಕಾದ ತುಂಡಿಗೆ "ಹಾ", ನಿಲ್ಲಬೇಕಾದ ತುಂಡಿಗೆ "ನಿ" ಅಂತ ಬರೆದುಕೊಳ್ಳುತ್ತಾ ಹೋಗಿ. ಒಂದು ಸುತ್ತು ಮುಗಿಯುವಷ್ಟರಲ್ಲಿ ಪೇಪರ್ ಮೇಲೆ ಒಂದು ಸಾಲು ಇರುತ್ತದೆ. ಎರಡನೇ ಸುತ್ತಿನಲ್ಲಿ ಅದು ಸರಿಯೇ ಅಂತ ನೋಡಿ. ದಿಕ್ಕು ತಿರುಗಿರುತ್ತದೆ, ಸಾಲು ಅದೇ.

ಆಮೇಲೆ ಆ ಸಾಲನ್ನು ಮೂರು ಮೂರು, ನಾಲ್ಕು ನಾಲ್ಕಾಗಿ ಒಡೆದುಕೊಳ್ಳಿ. ಒಂದೇ ಉಸಿರಿಗೆ ಇಡೀ ಮಗ್ಗಿ ಹೇಳಿಕೊಟ್ಟ ಮೇಷ್ಟ್ರು ಯಾರೂ ಇಲ್ಲ, ಅಲ್ವಾ? ಕಂಟ್ರೋಲರ್ ಕೆಳಗಿಟ್ಟು ಬಾಯಲ್ಲಿ ಹೇಳಿ. ನಾಚಿಕೆ ಬೇಡ. ಜೋರಾಗಿ ಹೇಳಿದಷ್ಟೂ ಒಳ್ಳೆಯದು. ನಾಲಿಗೆಗೆ ಬಂದದ್ದು ಬೆರಳಿಗೂ ಬರುತ್ತದೆ.

ಸಿದ್ಧ ಸಾಲನ್ನೇ ಇಲ್ಲಿ ಕೊಟ್ಟುಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಓದಿದ ಸಾಲು ಉಪಯೋಗಕ್ಕೆ ಬರುವುದಿಲ್ಲ. ಯಾವಾಗ ನೆಗೆಯಬೇಕು ಅನ್ನುವಷ್ಟೇ ಮುಖ್ಯ ಎರಡು ತುಂಡುಗಳ ನಡುವಿನ ಬಿಡುವು. ಅದು ಕಣ್ಣಾರೆ ನೋಡಿ, ಕಿವಿಯಾರೆ ಕೇಳಿಯೇ ಬರಬೇಕು. ಒಂದೊಂದು ತುಂಡು ಹೊರಡುವಾಗಲೂ ಬರುವ ಸದ್ದನ್ನು ಗಮನಿಸಿ. ಟಿವಿಯ ಸದ್ದು ಇಳಿಸಿ ಆಡಿದರೆ ಅರ್ಧ ಸುಳಿವನ್ನು ಕೈಯಾರೆ ಬಿಟ್ಟ ಹಾಗೆ.

ಹಂತ 4: ಎಲ್ಲಿ ನಿಲ್ಲಬೇಕು

ತುಂಡುಗಳು ಹೊರಡುವ ಬದಿಯಿಂದ ಆದಷ್ಟು ದೂರ ಇರಿ. ದೂರ ಇದ್ದಷ್ಟು ಯೋಚಿಸಲು ಸಮಯ ಜಾಸ್ತಿ. ಆದರೆ ಎದುರು ಗೋಡೆಗೆ ಅಂಟಿ ನಿಲ್ಲಬೇಡಿ. ಅಲ್ಲೇ ಭೂತ ಮತ್ತೆ ಕೂಡಿಕೊಳ್ಳುವುದು. ಅದರ ಮೈ ಕಟ್ಟಿಕೊಳ್ಳುವ ಜಾಗದಲ್ಲಿ ನೀವಿದ್ದರೆ ಏಟು ಖಚಿತ. ಅದು ನಿಲ್ಲುವ ಜಾಗ ಎಷ್ಟು ಅಗಲ ಅಂತ ಮೊದಲ ಜೀವದಲ್ಲೇ ಗುರುತು ಹಾಕಿಕೊಳ್ಳಿ. ಆ ಗೆರೆಯಿಂದ ಒಂದು ಹೆಜ್ಜೆ ಈಚೆ ನಿಂತರೆ ಸರಿ.

ಈ ಜಾಗದಿಂದ ಇನ್ನೊಂದು ಲಾಭ. ಭೂತ ಪೂರ್ತಿ ಕೂಡಿಕೊಂಡಾಗ ನೀವು ಅದರ ಎದುರಿಗೇ ಇರುತ್ತೀರಿ. ಕಣ್ಣು ತೆರೆದ ಕೂಡಲೇ ಹೊಡೆಯಬಹುದು. ಓಡಿ ಹೋಗಿ ಗುರಿ ಇಡುವ ಗಡಿಬಿಡಿ ಇಲ್ಲ. ಹೊಡೆದಾದ ಮೇಲೆ ಮಾತ್ರ ತಕ್ಷಣ ತಿರುಗಿ ಇನ್ನೊಂದು ಬದಿಯ ಗೆರೆಗೆ ಓಡಬೇಕು. ಹೊಸಬರು ಸೋಲುವುದು ಇಲ್ಲೇ. ಒಂದು ಏಟು ಬಿದ್ದ ಖುಷಿಯಲ್ಲಿ ಅಲ್ಲೇ ನಿಂತುಬಿಡುತ್ತಾರೆ. ಮೊದಲ ತುಂಡು ಎದೆಗೇ ಬಂದು ಬಡಿಯುತ್ತದೆ.

ಹಂತ 5: ನೆಗೆಯುವ ಹದ

ಬಟನ್ ಎಷ್ಟು ಹೊತ್ತು ಒತ್ತಿ ಹಿಡಿಯುತ್ತೀರೋ ಅಷ್ಟು ಎತ್ತರ ನೆಗೆತ. ಸುಮ್ನೆ ತಟ್ಟಿ ಬಿಟ್ಟರೆ ಪುಟ್ಟ ನೆಗೆತ. ಬಾಸ್ ಕೋಣೆಗೆ ಹೋಗುವ ಮೊದಲೇ ಎರಡನ್ನೂ ನೆಲದ ಮೇಲೆ ಹತ್ತಿಪ್ಪತ್ತು ಸಲ ಮಾಡಿ ನೋಡಿ. ತುಂಡುಗಳು ದಪ್ಪ. ಹಾಗಾಗಿ ತೀರಾ ಪುಟ್ಟ ನೆಗೆತಕ್ಕೆ ಕಾಲು ತಗುಲುತ್ತದೆ. ಪೂರ್ತಿ ನೆಗೆದರೆ ಕೆಳಗಿಳಿಯುವಷ್ಟರಲ್ಲಿ ಮುಂದಿನ ತುಂಡು ಹೊರಟಿರುತ್ತದೆ. ಇವೆರಡರ ನಡುವಿನ ಹದ ಕೈಗೆ ಸಿಗಬೇಕು. ಹಗ್ಗ ಬೀಸುವಾಗ ಮಧ್ಯಕ್ಕೆ ನುಗ್ಗಿ ನೆಗೆಯುವ ಹುಡುಗಿಯರನ್ನು ನೋಡಿದ್ದೀರಲ್ಲ, ಹಗ್ಗ ಕಾಲ ಹತ್ತಿರ ಬಂದ ಮೇಲೆ ಅವರು ಯೋಚಿಸುವುದಿಲ್ಲ. ಮೈಯೇ ಏಳುತ್ತದೆ.

ಒಂದು ತುಂಡು ತಗುಲಿತು ಅಂದುಕೊಳ್ಳಿ. ಆಗ ಗಾಬರಿಯಿಂದ ಮತ್ತೆ ನೆಗೆಯಬೇಡಿ. ಏಟು ತಿಂದ ಕೂಡಲೇ ನಿಮ್ಮ ಮೈ ಮಿನುಗುತ್ತದೆ. ಆ ಕ್ಷಣ ಇನ್ನೊಂದು ತುಂಡು ಏನೂ ಮಾಡುವುದಿಲ್ಲ. ಆ ಬಿಡುವಿನಲ್ಲಿ ಮಗ್ಗಿಯಲ್ಲಿ ಎಲ್ಲಿದ್ದೀರಿ ಅಂತ ಹಿಡಿದುಕೊಳ್ಳಿ. ಒಂದು ತಪ್ಪಿನಿಂದ ಯಾರೂ ಸಾಯುವುದಿಲ್ಲ. ಆ ತಪ್ಪಿಗೆ ಸಾಲು ಮರೆತು, ಮುಂದಿನ ನಾಲ್ಕಕ್ಕೂ ಏಟು ತಿಂದು ಸಾಯುತ್ತೇವೆ.

ಹಂತ 6: ಕಣ್ಣು

ಹಾರುವ ತುಂಡುಗಳಿಗೆ ಗುಂಡು ಹೊಡೆದು ಪ್ರಯೋಜನ ಇಲ್ಲ. ಮೈಗೆ ಹೊಡೆದರೂ ಅಷ್ಟೇ. ಕಣ್ಣು ಒಂದೇ ಅದರ ಮರ್ಮ. ಪೂರ್ತಿ ಕೂಡಿಕೊಂಡ ಮೇಲೆ ಸ್ವಲ್ಪ ಹೊತ್ತು ಕಣ್ಣು ತೆರೆಯುತ್ತದೆ, ನಿಮ್ಮ ಕಡೆಗೆ ಒಂದು ಗುಂಡು ಬಿಡುತ್ತದೆ, ಆಮೇಲೆ ಮತ್ತೆ ಕಳಚಲು ಶುರು. ಆ ಚಿಕ್ಕ ಸಂದಿನಲ್ಲಿ ನೆಗೆದು, ಕಣ್ಣಿನ ಮಟ್ಟಕ್ಕೆ ಬಂದಾಗ ಬೀಮ್ ಬಿಡಬೇಕು. ನೆಲದಲ್ಲಿ ನಿಂತು ಹೊಡೆದರೆ ಗುರಿ ಸಿಗುವುದಿಲ್ಲ. ಥಂಡರ್ ಬೀಮ್ ಮುಂದಕ್ಕೆ, ಮೇಲಕ್ಕೆ ಮತ್ತು ಕೆಳಕ್ಕೆ ಒಟ್ಟಿಗೆ ಹೋಗುತ್ತದೆ, ಹಿಂದಕ್ಕೆ ಹೋಗುವುದಿಲ್ಲ. ಹಾಗಾಗಿ ಮುಖ ಭೂತದ ಕಡೆಗೇ ಇರಬೇಕು. ಆಮೇಲೆ ಎತ್ತರ ಸರಿಯಾದರೆ ಸಾಕು.

ಅನುಮಾನ ಇದ್ದರೆ ಹೊಡೆಯುವುದನ್ನೇ ಬಿಡಿ, ತಪ್ಪಿಸಿಕೊಳ್ಳಿ. ಕಣ್ಣು ಇನ್ನೊಮ್ಮೆ ತೆರೆದೇ ತೆರೆಯುತ್ತದೆ. ಈ ಭೂತಕ್ಕೆ ಅವಸರ ಇಲ್ಲ, ನಿಮಗೂ ಬೇಡ.

ಸೆಲೆಕ್ಟ್ ಬಟನ್ನಿನ ಕಳ್ಳದಾರಿ

ಇದನ್ನು ಹೇಳದೆ ಬಿಟ್ಟರೆ ಹಳೆಯ ಆಟಗಾರರು ನಗುತ್ತಾರೆ. ಮೊದಲ ಆಟದ ಮೂಲ ಆವೃತ್ತಿಯಲ್ಲಿ ಸೆಲೆಕ್ಟ್ ಒತ್ತಿದರೆ ಆಟ ನಿಲ್ಲುತ್ತದೆ, ಮತ್ತೆ ಒತ್ತಿದರೆ ಮುಂದುವರಿಯುತ್ತದೆ. ಏಟು ತಿಂದ ಬಾಸ್‌ಗೆ ಸ್ವಲ್ಪ ಹೊತ್ತು ಇನ್ನೊಂದು ಏಟು ತಾಕುವುದಿಲ್ಲ. ಆಟ ನಿಂತಿದ್ದರೂ ಆ ಹೊತ್ತು ಮಾತ್ರ ಒಳಗೊಳಗೇ ಕಳೆಯುತ್ತಿರುತ್ತದೆ. ಬೀಮ್ ಕಣ್ಣಿನ ಮೇಲೆ ಹಾಗೇ ನಿಂತಿರುತ್ತದೆ. ಹಾಗಾಗಿ ಮತ್ತೆ ಶುರುವಾದಾಗ ಅದೇ ಬೀಮ್ ಇನ್ನೊಮ್ಮೆ ಹೊಡೆಯುತ್ತದೆ.

ಮಾಡುವ ಬಗೆ: ಥಂಡರ್ ಬೀಮ್ ಹಾಕಿಕೊಳ್ಳಿ. ಕಣ್ಣು ತೆರೆದಾಗ ನೆಗೆದು ಬಿಡಿ. ಬೀಮ್ ಕಣ್ಣಿಗೆ ತಾಗಿದ ಕ್ಷಣದಿಂದ ಸೆಲೆಕ್ಟ್ ಅನ್ನು ಪಟಪಟ ಒತ್ತುತ್ತಾ ಹೋಗಿ. ಒಂದೇ ಬೀಮ್‌ಗೆ ಇಡೀ ಭೂತ ಕರಗಿಹೋಗಬಹುದು.

ಮಾಡಬೇಕೇ ಬೇಡವೇ? ಮೊದಲ ಸಲ ಬೇಡ ಅನ್ನುವುದು ನನ್ನ ಅಭಿಪ್ರಾಯ. ಈ ಕಳ್ಳದಾರಿ ಮುಂದಿನ ಆಟಗಳಲ್ಲಿ ಇಲ್ಲ, ಮಗ್ಗಿ ಕಲಿಯುವ ಅಭ್ಯಾಸ ಅಲ್ಲಿಯೂ ಕೈ ಹಿಡಿಯುತ್ತದೆ. ಒಮ್ಮೆ ನೆಟ್ಟಗೆ ಗೆದ್ದು, ಆಮೇಲೆ ಎಷ್ಟು ಸಲ ಬೇಕಾದರೂ ಕಳ್ಳದಾರಿ ಹಿಡಿಯಿರಿ.

ಗೆದ್ದ ಮೇಲೆ ಒಂದು ಎಚ್ಚರ. ಮುಂದಿನ ಸ್ಟೇಜಿನ ಕೊನೆಗೆ ನಿಮ್ಮದೇ ನಕಲು ರೋಬೋಟ್ ಕಾದಿದೆ. ನೀವು ಯಾವ ಆಯುಧ ಹಿಡಿದಿದ್ದೀರೋ ಅದೂ ಅದನ್ನೇ ಹಿಡಿಯುತ್ತದೆ. ಹಳದಿ ಭೂತವನ್ನು ಕೆಡವಿದ ಜಂಬದಲ್ಲಿ ಥಂಡರ್ ಬೀಮ್ ಹಿಡಿದೇ ಅಲ್ಲಿಗೆ ನುಗ್ಗಿದರೆ, ಆ ಬೀಮ್ ತಿನ್ನುವ ಸರದಿ ನಿಮ್ಮದು.

ಮತ್ತೆ ಹುಟ್ಟಿ ಬಂದ ಭೂತಗಳು

ಎರಡನೇ ಆಟದಲ್ಲಿ ಇದು ಇಲ್ಲ. 1990ರ ಮೂರನೇ ಆಟದಲ್ಲಿ ಯೆಲ್ಲೋ ಡೆವಿಲ್ ಮಾರ್ಕ್ 2 ಆಗಿ ಮರಳಿತು. ಮೊದಲನೆಯದಕ್ಕೆ ಹೋಲಿಸಿದರೆ ಇದು ಸಾಧು ಪ್ರಾಣಿ. ನಿಮಗೆ ಈಗ ಜಾರುವ ವಿದ್ಯೆ ಬಂದಿದೆ, ಈ-ಟ್ಯಾಂಕ್‌ಗಳೂ ಇವೆ. ಇದಕ್ಕೆ ಮದ್ದು ಹಾರ್ಡ್ ಮ್ಯಾನ್‌ನಿಂದ ಸಿಗುವ ಹಾರ್ಡ್ ನಕಲ್. ಅದು ನಿಧಾನವಾಗಿ ಹೋಗುವ ಮುಷ್ಟಿ. ಹಾರುತ್ತಿರುವಾಗ ಮೇಲೆ ಕೆಳಗೆ ಒತ್ತಿದರೆ ಸ್ವಲ್ಪ ಬಾಗುತ್ತದೆ. ಹಾಗಾಗಿ ಕಣ್ಣಿನ ಮಟ್ಟ ಸ್ವಲ್ಪ ತಪ್ಪಿದರೂ ಸರಿಪಡಿಸಬಹುದು. ನಿಧಾನ ಅನ್ನುವುದನ್ನು ಮಾತ್ರ ಮರೆಯಬೇಡಿ, ಕಣ್ಣು ತೆರೆಯುವ ಹೊತ್ತಿಗೆ ತಲುಪುವ ಹಾಗೆ ಬಿಡಬೇಕು. ಅಂದ ಹಾಗೆ, ಈ ಆಟದ ಮೂಲ ಆವೃತ್ತಿಯಲ್ಲಿ ಎರಡನೇ ಕಂಟ್ರೋಲರ್‌ನ ಬಲಗಡೆ ಬಟನ್ ಒತ್ತಿ ಹಿಡಿದರೆ ಮೆಗಾ ಮ್ಯಾನ್ ಮುಗಿಲು ಮುಟ್ಟುವಷ್ಟು ನೆಗೆಯುತ್ತಾನೆ. ಪಕ್ಕದಲ್ಲಿ ಕೂತ ತಂಗಿಗೆ ಕೊನೆಗೂ ಒಂದು ಕಂಟ್ರೋಲರ್ ಕೊಡಬಹುದು.

1996ರ ಎಂಟನೇ ಆಟದಲ್ಲಿ ಬಣ್ಣ ಹಸಿರು, ಹೆಸರು ಗ್ರೀನ್ ಡೆವಿಲ್. ಇದು ಇಟ್ಟಿಗೆಗಿಂತ ಅಂಟಿನ ಹಾಗೆ. ಗುಂಡು ಹೊಡೆದು ಮೈಯನ್ನು ಕಿತ್ತು ಕಿತ್ತು, ಒಳಗಿನ ತಿರುಳು ಹೊರಗೆ ಬಂದಾಗ ಅದಕ್ಕೆ ಹೊಡೆಯಬೇಕು. ಹಲಸಿನ ಹಣ್ಣು ಬಿಡಿಸುವ ತಾಳ್ಮೆ ಬೇಕು.

2000ರ ಮೆಗಾ ಮ್ಯಾನ್ ಎಕ್ಸ್ 5ರಲ್ಲಿ ಅದೇ ಭೂತ ಕಪ್ಪಾಗಿ, ಶ್ಯಾಡೋ ಡೆವಿಲ್ ಆಗಿ ಬಂತು. ಅದರ ಮುಂಚಿನ ದಾರಿಯೇ ಹೆಚ್ಚು ಕಾಟ. ತಾಗಿದರೆ ಒಂದೇ ಏಟಿಗೆ ಜೀವ ಹೋಗುವ ಬೆಳಕಿನ ಕಿರಣಗಳು, ಎರಡನೇ ಆಟದ ಕ್ವಿಕ್ ಮ್ಯಾನ್ ಸ್ಟೇಜಿನ ನೆನಪಿಗೆ ಇಟ್ಟವು. ಕಾಲ ನಿಲ್ಲಿಸುವ ಡಾರ್ಕ್ ಹೋಲ್ಡ್ ಆಯುಧವನ್ನು ಇಲ್ಲಿಗೆ ಉಳಿಸಿಕೊಳ್ಳಿ. ಎಕ್ಸ್ ಲೆಗಸಿ ಕಲೆಕ್ಷನ್ 2ರಲ್ಲಿ ಆಡುವವರಿಗೆ ರೂಕಿ ಹಂಟರ್ ಮೋಡ್ ಇದೆ, ಏಟಿನ ನೋವು ಕಡಿಮೆ.

2008ರ ಒಂಬತ್ತನೇ ಆಟದಲ್ಲಿ ಟ್ವಿನ್ ಡೆವಿಲ್. ಎಡಕ್ಕೊಂದು, ಬಲಕ್ಕೊಂದು, ನಡುವೆ ನೀವು. ಜಾರುವುದೂ ಇಲ್ಲ, ಬಟನ್ ಒತ್ತಿ ಹಿಡಿದು ಗುಂಡಿಗೆ ಬಲ ತುಂಬಿ ಬಿಡುವುದೂ ಇಲ್ಲ, ಹಳೆಯ ಕಾಲಕ್ಕೆ ಬೇಕಂತಲೇ ಮರಳಿದ ಆಟ ಇದು. ಒಂದೇ ಬದಿಯನ್ನು ನೋಡುವ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ನಿಮ್ಮ ಮೆಗಾ ಮ್ಯಾನ್ ಮೇಲೆಯೇ ಕಣ್ಣಿಟ್ಟು ಎರಡೂ ಅಂಚುಗಳನ್ನು ಓರೆಗಣ್ಣಿನಲ್ಲಿ ನೋಡಬೇಕು.

2018ರ ಅಕ್ಟೋಬರ್‌ನಲ್ಲಿ ಬಂದ ಹನ್ನೊಂದನೇ ಆಟದಲ್ಲಿ ಮಾರ್ಕ್ 3. ಇಲ್ಲಿ ನಿಮ್ಮ ಹತ್ತಿರ ಸ್ಪೀಡ್ ಗೇರ್ ಇದೆ, ಒತ್ತಿದರೆ ಸುತ್ತಲಿನದೆಲ್ಲ ನಿಧಾನ ಆಗುತ್ತದೆ. ಅದನ್ನು ಒತ್ತಿ ಹಿಡಿದೇ ಇದ್ದರೆ ಬಿಸಿ ಏರಿ ಕೈಕೊಡುತ್ತದೆ. ಯಾವ ತುಂಡುಗಳಿಗೆ ನೀವು ಯಾವಾಗಲೂ ಏಟು ತಿನ್ನುತ್ತೀರೋ ಆ ಎರಡು ಮೂರು ಕಡೆ ಮಾತ್ರ ಒತ್ತಿ. ಪೇಪರ್ ಮೇಲಿನ ಸಾಲಿನಲ್ಲಿ ಅವಕ್ಕೊಂದು ಗೀಟು ಎಳೆದುಕೊಂಡರೆ ಆಯಿತು. ತೀರಾ ಕಷ್ಟ ಅನ್ನಿಸಿದರೆ ನ್ಯೂಕಮರ್ ಮಟ್ಟದಲ್ಲಿ ಶುರು ಮಾಡಿ.

ಇಷ್ಟೆಲ್ಲ ಆದ ಮೇಲೂ ಭೂತ ಬಿಡಲಿಲ್ಲ. 2014ರ ಸೂಪರ್ ಸ್ಮ್ಯಾಶ್ ಬ್ರದರ್ಸ್‌ನಲ್ಲಿ, ವೈಲಿ ಕೋಟೆಯ ಅಂಗಳದಲ್ಲಿ ನೀವು ಗೆಳೆಯರ ಜೊತೆ ಹೊಡೆದಾಡುತ್ತಿದ್ದರೆ ಮಧ್ಯೆ ಬಂದು ಕೂರುತ್ತದೆ. ಅಲ್ಲೂ ಮರ್ಮ ಆ ಕಣ್ಣೇ. ಅದು ಸಾಯುವಾಗ ದೊಡ್ಡದಾಗಿ ಸಿಡಿಯುತ್ತದೆ. ಕೊನೆಯ ಏಟು ಯಾರದೋ ಅವರಿಗೆ ಆ ಸಿಡಿತ ಏನೂ ಮಾಡುವುದಿಲ್ಲ, ಉಳಿದವರು ಹಾರಿಹೋಗುತ್ತಾರೆ. ಹಾಗಾಗಿ ಮೊದಲ ಏಟುಗಳನ್ನೆಲ್ಲ ಗೆಳೆಯರಿಗೆ ಬಿಟ್ಟುಕೊಟ್ಟು, ಕೊನೆಯದಕ್ಕೆ ಮಾತ್ರ ಹೋಗಿ.